ಕೆಟ್ಟ ನೀರಿನಿಂದ ಕಾಯಿಲೆಬಿದ್ದ ಗಾಜುತೊಟ್ಟಿಯ ಮೀನುಗಳಿಗೆ ಉಪಚಾರ

ಬೆಂಗಳೂರು ನಗರದ ದಕ್ಷಿಣ ಭಾಗದ ಬಡಾವಣೆಗಳಾದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಮುಂತಾದ ಕಡೆಗಳಲ್ಲಿ, ಮನೆಯ ಹಜಾರದಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಅಲಂಕಾರದ ಮೀನುಗಳನ್ನು ಸಾಕುವ ಅಭ್ಯಾಸವು ಚೆನ್ನಾಗಿ ಬಳಕೆಗೆ ಬಂದಿದೆ. ಹೀಗೆ ಸಾಕಿದ ಮೀನುಗಳು ಒಂದು ದಿನ ಬೆಳಗ್ಗೆ ಮೇವನ್ನು ಮುಟ್ಟದೆ, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು, ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುವುದನ್ನು ಕಂಡೊಡನೆಯೆ ಮನೆಯವರು ಔಷಧದ ಸೀಸೆಗಾಗಿ ಅಂಗಡಿಗೆ ಓಡುವುದುಂಟು. ಆದರೆ ಇಂತಹ ಪ್ರಸಂಗಗಳ ಪೈಕಿ ಬಹುಮಟ್ಟಿಗೆ ಎಲ್ಲದರಲ್ಲಿಯೂ ರೋಗದ ಮೂಲವು ನೀರಿನಲ್ಲಿಯೇ ಇರುತ್ತದೆ. ನೀರು ಸರಿಹೋಗುವುದಕ್ಕೆ ಮುಂಚೆ ಹಾಕಿದ ಔಷಧವು ಪ್ರಯೋಜನಕ್ಕೆ ಬಾರದಿರುವುದು ಮಾತ್ರವಲ್ಲದೆ, ಎಷ್ಟೋ ವೇಳೆ ಉಳಿಯಬಹುದಾಗಿದ್ದ ಮೀನನ್ನೂ ಕೊಲ್ಲುತ್ತದೆ. ಆದಕಾರಣ ನೀರು ಕೆಡುವುದೆಂದರೇನು, ಕೆಟ್ಟ ನೀರನ್ನು ಯಾವ ಕ್ರಮದಲ್ಲಿ ಸರಿಪಡಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗುವುದು.

ವ್ಯವಸಾಯಗಾರರಿಗೆ ಈ ವಿಷಯವು ಹೊಸದೇನೂ ಅಲ್ಲ. ಕೊಟ್ಟಿಗೆಯಲ್ಲಿ ದನದ ಗಂಜಲವು ನಿಂತು ಹಳತಾದರೆ ಮೂಗಿಗೆ ಘಾಟು ಹೊಡೆಯುವ ವಾಯುವೊಂದು ಹೊರಡುವುದಷ್ಟೆ. ಅದೇ ಅಮೋನಿಯಾ. ಹೊಲಕ್ಕೆ ಹಾಕಿದ ಗೊಬ್ಬರದಲ್ಲಿನ ಈ ಅಮೋನಿಯವನ್ನು ಮಣ್ಣಿನಲ್ಲಿರುವ ಒಂದು ಜಾತಿಯ ಸೂಕ್ಷ್ಮಜೀವಿಗಳು ನೈಟ್ರೈಟನ್ನಾಗಿಯೂ, ಇನ್ನೊಂದು ಜಾತಿಯವು ಆ ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಪೈರು ಹೆಚ್ಚಾಗಿ ಹೀರಿಕೊಳ್ಳುವುದು ಈ ಕೊನೆಯದನ್ನು. ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದ ಕೀರ್ತಿಯು 1890ರಲ್ಲಿ ಜ್ಯೂರಿಚ್ ನಗರದಲ್ಲಿ ಕೆಲಸಮಾಡುತ್ತಿದ್ದ ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿಗೆ ಸಲ್ಲುತ್ತದೆ. ಗಾಜಿನ ತೊಟ್ಟಿಯೊಳಗೆ ನಡೆಯುವುದೂ ಇದೇ ಕ್ರಿಯೆ. ಮೀನು ತನ್ನ ಮೈಯ ಅಮೋನಿಯವನ್ನು ಮುಖ್ಯವಾಗಿ ಕಿವಿರುಗಳ ಮೂಲಕ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಮೇವೂ ಹಿಕ್ಕೆಯೂ ಕೊಳೆತು ಅದಕ್ಕೆ ಇನ್ನಷ್ಟನ್ನು ಸೇರಿಸುತ್ತವೆ. ತಳದ ಜಲ್ಲಿಯಲ್ಲಿಯೂ ಫಿಲ್ಟರಿನ ಸ್ಪಂಜಿನಲ್ಲಿಯೂ ನೆಲೆಸಿರುವ ಸೂಕ್ಷ್ಮಜೀವಿಗಳು ಅದನ್ನು ಸಾಗಿಸುತ್ತಿರುವವರೆಗೆ ಮೀನು ಸುಖವಾಗಿರುತ್ತದೆ. ಹೊಲಕ್ಕೂ ತೊಟ್ಟಿಗೂ ಇರುವ ಭೇದವೇನೆಂದರೆ, ಹೊಲದಲ್ಲಿ ಪೈರು ಬೇಲಿಯೊಳಗೆ ನಿಂತಿದ್ದರೂ ಮಳೆಯೂ ಗಾಳಿಯೂ ಆಳವಾದ ಮಣ್ಣೂ ಅದಕ್ಕೆ ಸಹಾಯಕವಾಗಿರುತ್ತವೆ. ತೊಟ್ಟಿಯ ಮೀನು ತನ್ನ ಮಲಿನದಲ್ಲಿಯೇ ಉಸಿರಾಡಬೇಕಾಗಿರುತ್ತದೆ.

ಈ ಸೂಕ್ಷ್ಮಜೀವಿಗಳು ಬಹು ನಿಧಾನವಾಗಿ ವೃದ್ಧಿಯಾಗತಕ್ಕವು. ಕೊಳೆಸುವ ಸಾಧಾರಣ ಜೀವಿಗಳು ಅರ್ಧ ಗಂಟೆಗೆ ಇಮ್ಮಡಿಯಾದರೆ ಇವುಗಳಿಗೆ ಒಂದು ದಿನದ ಸುಮಾರು ಕಾಲ ಬೇಕು. ಹೊಸದಾಗಿ ಕೂಡಿಸಿದ ತೊಟ್ಟಿಯಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ಅಂಗಡಿಯಿಂದ ಭಾನುವಾರ ತೊಟ್ಟಿಯನ್ನು ತಂದು, ಅಂದೇ ನೀರು ತುಂಬಿ, ಅಂದೇ ಹತ್ತು ಮೀನುಗಳನ್ನು ಬಿಟ್ಟವರ ಮನೆಯಲ್ಲಿ ಎರಡನೆಯ ವಾರದೊಳಗೆ ಮೀನುಗಳು ಒಂದೊಂದಾಗಿ ಸಾಯತೊಡಗುವುದಕ್ಕೆ ಇದೇ ಕಾರಣ. ಹಳೆಯ ತೊಟ್ಟಿಗಳಲ್ಲಿಯೂ ಈ ಆಪತ್ತು ತಪ್ಪಿದ್ದಲ್ಲ. ಫಿಲ್ಟರಿನ ಸ್ಪಂಜನ್ನು ಕೊಳಾಯಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ತೊಳೆದರೆ ನೀರಿನ ಕ್ಲೋರಿನ್ನು ಆ ಸೂಕ್ಷ್ಮಜೀವಿಗಳನ್ನು ನಾಶಮಾಡುತ್ತದೆ. ಬೇಸಗೆಯ ಗುಡುಗುಮಳೆಯ ಸಂಜೆಗಳಲ್ಲಿ ವಿದ್ಯುತ್ತು ಮೂರು ನಾಲ್ಕು ಗಂಟೆ ನಿಂತುಹೋದರೆ, ಮುಚ್ಚಿದ ಫಿಲ್ಟರಿನೊಳಗೆ ಆಮ್ಲಜನಕವು ತೀರಿ ಅವು ಉಸಿರುಕಟ್ಟುತ್ತವೆ. ವಿದ್ಯುತ್ತು ಮರಳಿದೊಡನೆ ಆ ಕೊಳೆತ ನೀರೆಲ್ಲವೂ ತೊಟ್ಟಿಗೆ ಬಂದು ಬೀಳುತ್ತದೆ. ಇಂತಹ ಸಂದರ್ಭದಲ್ಲಿ ಫಿಲ್ಟರನ್ನು ಬಿಚ್ಚಿ, ಒಳಗಿನ ನೀರನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದ್ದಿ ಹಿಂಡಿ, ಆಮೇಲೆ ನಡೆಸತಕ್ಕದ್ದು.

ನಮ್ಮ ಊರಿಗೆ ವಿಶೇಷವಾದ ಇನ್ನೊಂದು ಕಾರಣವೂ ಉಂಟು. 2024ನೆಯ ಮಾರ್ಚ್ ತಿಂಗಳಲ್ಲಿ ನಗರದಲ್ಲಿ ನೀರಿನ ಅಭಾವವು ತೀವ್ರವಾದಾಗ, ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ ಉಪಯೋಗಿಸಕೂಡದೆಂದು ಜಲಮಂಡಲಿಯವರು ವಿಧಿಸಿ, ಮೀರಿದವರಿಗೆ 5000 ರೂಪಾಯಿ ದಂಡವನ್ನು ಗೊತ್ತುಮಾಡಿದರು. ಇಂತಹ ಕಾಲದಲ್ಲಿ ಮನೆಯವರಿಗೆ ಸ್ನಾನಕ್ಕೇ ನೀರು ಸಾಲದಿರುವಾಗ ಮೀನಿನ ತೊಟ್ಟಿಯ ನೀರನ್ನು ಬದಲಾಯಿಸುವ ಕೆಲಸವು ವಾರದಿಂದ ವಾರಕ್ಕೆ ಮುಂದೆ ಬೀಳುವುದು ಸಹಜ. ನೀರು ಬಂದಾಗಲಾದರೋ ಅದು ಎಂದಿನ ಕಾವೇರಿಯ ನೀರಾಗಿರದೆ, ಟ್ಯಾಂಕರಿನಲ್ಲಿ ಬಂದ ಯಾವುದೋ ಕೊಳವೆಬಾವಿಯ ನೀರಾಗಿರುವುದುಂಟು. ಈ ಎರಡೂ ಸೇರಿದಾಗ ಮೀನಿಗೆ ಒದಗುವ ಅಪಾಯವು ಬಹಳ ಸೂಕ್ಷ್ಮವಾದುದು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಅಮೋನಿಯವು ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಒಂದು ಮೀನಿಗೆ ಅಷ್ಟಾಗಿ ತೊಂದರೆ ಕೊಡದ ಅಮೋನಿಯಂ. ಮತ್ತೊಂದು ಕಿವಿರನ್ನು ಸುಡುವ, ವಿಷವಾದ, ಬಿಡಿ ಅಮೋನಿಯಾ. ಯಾವುದು ಎಷ್ಟೆಂಬುದು ನೀರಿನ ಆಮ್ಲತೆ ಅಥವಾ ಕ್ಷಾರತೆಯನ್ನು, ಎಂದರೆ ಪಿ.ಎಚ್. ಎಂಬ ಅಂಕಿಯನ್ನು, ಅವಲಂಬಿಸಿದೆ. ನೀರಿನ ಶಾಖವು 25 ಡಿಗ್ರಿ ಸೆಲ್ಸಿಯಸ್ ಇರುವಾಗ, ಪಿ.ಎಚ್. 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷರೂಪವು ಶೇಕಡ 0.6ರಷ್ಟೂ ಇರುವುದಿಲ್ಲ. ಪಿ.ಎಚ್. 8 ಆದರೆ ಅದು ಶೇಕಡ 5ನ್ನು ಮೀರುತ್ತದೆ, 8.5 ಆದರೆ ಶೇಕಡ 15ರಷ್ಟಾಗುತ್ತದೆ. ಬಹುಕಾಲ ಬದಲಾಯಿಸದೆ ಬಿಟ್ಟ ತೊಟ್ಟಿಯ ನೀರು ಕ್ರಮೇಣ ಹುಳಿಯೇರಿ, ಪಿ.ಎಚ್. 6ರ ಹತ್ತಿರಕ್ಕೆ ಇಳಿದಿರುತ್ತದೆ. ಅದರಲ್ಲಿ ಅಮೋನಿಯವು ಬೇಕಾದಷ್ಟು ಕೂಡಿಕೊಂಡಿದ್ದರೂ ಅಪಾಯವಿಲ್ಲದ ರೂಪದಲ್ಲಿರುವುದರಿಂದ ಮೀನು ಹೇಗೋ ಬದುಕಿಕೊಂಡಿರುತ್ತದೆ. ಹೀಗಿರುವಲ್ಲಿ ಯಜಮಾನನು ಒಂದು ದಿನ ಕನಿಕರಪಟ್ಟು, ಮುಕ್ಕಾಲು ಪಾಲು ನೀರನ್ನು ತೆಗೆದು, ಕ್ಷಾರವಾದ ಗಡುಸು ನೀರನ್ನು ಒಮ್ಮೆಗೇ ಸುರಿಯುತ್ತಾನೆ. ಪಿ.ಎಚ್. ಅಂಕಿಯು 8ಕ್ಕೆ ಹಾರುತ್ತದೆ. ಉಳಿದ ಕಾಲುಪಾಲು ನೀರಿನಲ್ಲಿದ್ದ ಅಮೋನಿಯವು ಆ ಕ್ಷಣದಲ್ಲಿಯೇ ವಿಷವಾಗುತ್ತದೆ. ಸ್ವಚ್ಛವಾದ ನೀರನ್ನು ಹಾಕಿದರೂ ಮೀನು ಸತ್ತಿತೆಂದು ಆತನು ಆಶ್ಚರ್ಯಪಡುತ್ತಾನೆ. ನಿಜವಾಗಿ ನೋಡಿದರೆ ತಿಂಗಳುಗಟ್ಟಲೆಯ ಅಲಕ್ಷ್ಯಕ್ಕಿಂತಲೂ ಒಂದು ಗಂಟೆಯ ಈ ಉತ್ಸಾಹವೇ ಹೆಚ್ಚು ಮೀನುಗಳನ್ನು ಕೊಂದಿರಬಹುದು.

ಆದುದರಿಂದ ಉಪಚಾರಕ್ಕೆ ತೊಡಗುವ ಮೊದಲು ಎರಡು ನೀರುಗಳನ್ನೂ ಪರೀಕ್ಷಿಸತಕ್ಕದ್ದು. ಅಮೋನಿಯಾ, ನೈಟ್ರೈಟ್, ಪಿ.ಎಚ್. ಇವುಗಳನ್ನು ಬಣ್ಣದಿಂದ ತೋರಿಸುವ ಹನಿದ್ರಾವಣದ ಪೆಟ್ಟಿಗೆಗಳು ಮೀನಿನ ಅಂಗಡಿಗಳಲ್ಲಿ ದೊರೆಯುತ್ತವೆ. ಇವುಗಳ ಬೆಲೆಯು ಮೀನಿನ ಬೆಲೆಗಿಂತ ಹೆಚ್ಚೆಂದು ಕೆಲವರು ಹಿಂಜರಿಯುವರು; ಆದರೆ ನಾಡಿ ಹಿಡಿಯದೆ ಮದ್ದು ಕೊಡುವ ವೈದ್ಯನನ್ನು ಯಾರೂ ಮೆಚ್ಚುವುದಿಲ್ಲ. ಪೆಟ್ಟಿಗೆಯು ಸಿಕ್ಕದಿದ್ದರೆ ಮೀನುಗಳ ಲಕ್ಷಣಗಳನ್ನೇ ಗಮನಿಸಬೇಕು. ತೊಟ್ಟಿಯ ಎಲ್ಲ ಮೀನುಗಳೂ ಒಂದೇ ಕಾಲಕ್ಕೆ ಸೊರಗಿದರೆ ನೀರಿನ ದೋಷವೆಂದೂ, ಒಂದೇ ಮೀನು ಸೊರಗಿ ಉಳಿದವು ಚುರುಕಾಗಿದ್ದರೆ ಅಂಟುರೋಗವೋ ಗಾಯವೋ ಇರಬಹುದೆಂದೂ ಸಾಧಾರಣವಾಗಿ ತಿಳಿಯಬಹುದು. ಅಮೋನಿಯದಿಂದ ಕಿವಿರುಗಳು ಕೆಂಪೇರಿ ಊದಿಕೊಳ್ಳುತ್ತವೆ, ಮೈಮೇಲೆ ಲೋಳೆಯು ಹೆಚ್ಚುತ್ತದೆ, ರೆಕ್ಕೆಗಳಲ್ಲಿ ರಕ್ತದ ಗೆರೆಗಳು ಕಾಣುತ್ತವೆ. ನೈಟ್ರೈಟು ರಕ್ತವನ್ನು ಸೇರಿದರೆ ರಕ್ತದ ಬಣ್ಣವು ಕಂದಾಗಿ, ಅದು ಆಮ್ಲಜನಕವನ್ನು ಹೊರಲಾರದೆ ಹೋಗುತ್ತದೆ. ಕಿವಿರುಗಳು ಕೆಂಪಾಗಿರುವುದಕ್ಕೆ ಬದಲಾಗಿ ಮಾಸಲು ಕಂದುಬಣ್ಣವಾಗಿ, ನೀರಿನಲ್ಲಿ ಗಾಳಿಯು ಸಾಕಷ್ಟಿದ್ದರೂ ಮೀನು ಏದುತ್ತದೆ.

ಮೊಟ್ಟಮೊದಲು ಮಾಡತಕ್ಕ ಕೆಲಸವೆಂದರೆ ಮೇವನ್ನು ನಿಲ್ಲಿಸುವುದು ಮತ್ತು ಗಾಳಿಯನ್ನು ಹೆಚ್ಚಿಸುವುದು. ಬೆಳೆದ ಮೀನು ಎರಡು ಮೂರು ದಿನ ಉಪವಾಸವಿದ್ದರೆ ಯಾವ ಹಾನಿಯೂ ಇಲ್ಲ. ಹಸಿದ ಮೀನೆಂದು ಮರುಗಿ ಮಕ್ಕಳು ಚಿಟಿಕೆ ಚಿಟಿಕೆ ಮೇವನ್ನು ಹಾಕದಂತೆ ಡಬ್ಬಿಯನ್ನು ಎತ್ತಿಡುವುದು ಮೇಲು. ಗಾಳಿಯ ವಿಷಯದಲ್ಲಿ ಬೆಂಗಳೂರಿನವರು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರುಗಳಷ್ಟು ಎತ್ತರದಲ್ಲಿರುವುದರಿಂದ ಇಲ್ಲಿಯ ನೀರು ಕರಾವಳಿಯ ನೀರಿಗಿಂತ ಶೇಕಡ ಹತ್ತರಷ್ಟು ಕಡಿಮೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದು ಇನ್ನೂ ಕುಗ್ಗುವುದು. 2016ನೆಯ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ವಾಚಕರು ಮರೆತಿರಲಾರರು. ಚರಂಡಿಯ ಕೊಳೆಯು ಸೇರಿ, ಬಿಸಿಲೇರಿ, ನೀರಿನ ಆಮ್ಲಜನಕವು ತೀರಿದರೆ ಅಷ್ಟು ದೊಡ್ಡ ಕೆರೆಯಲ್ಲಿಯೂ ಮೀನಿಗೆ ಉಳಿವಿಲ್ಲವೆಂದ ಮೇಲೆ ಐವತ್ತು ಲೀಟರಿನ ತೊಟ್ಟಿಯ ಪಾಡೇನು? ಗಾಳಿಯ ಪಂಪಿಲ್ಲದವರು ಚೊಂಬಿನಿಂದ ತೊಟ್ಟಿಯ ನೀರನ್ನೇ ಮೊಗೆದು ಒಂದು ಗೇಣಿನ ಎತ್ತರದಿಂದ ಮೆಲ್ಲನೆ ಮತ್ತೆ ಸುರಿಯುತ್ತಿದ್ದರೂ ತಾತ್ಕಾಲಿಕವಾಗಿ ಉಪಕಾರವಾಗುತ್ತದೆ.

ಇನ್ನು ನೀರಿನ ಬದಲಾವಣೆ. ತೊಟ್ಟಿಯ ನೀರಿಗೂ ಹೊಸ ನೀರಿಗೂ ಪಿ.ಎಚ್. ಅಂತರವು ಅರ್ಧಕ್ಕಿಂತ ಕಡಿಮೆಯಿದ್ದರೆ, ಅರ್ಧ ತೊಟ್ಟಿಯ ನೀರನ್ನು ಒಮ್ಮೆಗೇ ಬದಲಾಯಿಸಬಹುದು. ವಿಷವೂ ಅರ್ಧಕ್ಕೆ ಇಳಿಯುತ್ತದೆ. ಅಂತರವು ಹೆಚ್ಚಾಗಿದ್ದರೆ, ಇಲ್ಲವೆ ಪರೀಕ್ಷೆಗೆ ಅನುಕೂಲವಿಲ್ಲದೆ ತೊಟ್ಟಿಯು ಬಹುಕಾಲ ಅಲಕ್ಷ್ಯಕ್ಕೆ ಗುರಿಯಾಗಿದ್ದಿತೆಂಬುದು ಮಾತ್ರ ಗೊತ್ತಿದ್ದರೆ, ಹತ್ತರಲ್ಲಿ ಒಂದು ಪಾಲಿನಂತೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆದು ಹಾಕತಕ್ಕದ್ದು. ಎರಡು ಮೂರು ದಿನಗಳಾದ ಮೇಲೆ ದಿನಕ್ಕೆ ಕಾಲುಪಾಲಿನಂತೆ ಬದಲಾಯಿಸಬಹುದು. ಪ್ರತಿದಿನವೂ ಕಾಲುಪಾಲನ್ನು ಬದಲಾಯಿಸಿದರೆ, ಹೊಸದಾಗಿ ಮಲಿನವು ಸೇರದಿದ್ದಲ್ಲಿ, ನಾಲ್ಕು ದಿನಗಳಲ್ಲಿ ಮೊದಲಿದ್ದುದರ ಮೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಉಳಿಯುತ್ತದೆ. ನೀರು ತೆಗೆಯುವಾಗ ತಳದ ಜಲ್ಲಿಯ ಮೇಲೆ ಕುಳಿತ ಕೊಳೆಯನ್ನು ಸಣ್ಣ ರಬ್ಬರು ಕೊಳವೆಯಿಂದ ಎಳೆದುಕೊಂಡರೆ ಒಂದೇ ಕೆಲಸದಲ್ಲಿ ಎರಡು ಲಾಭಗಳು ದೊರೆಯುತ್ತವೆ. ಜಲ್ಲಿಯನ್ನು ಪೂರ್ತಿಯಾಗಿ ಕೆದಕಿ ತೊಳೆಯುವುದನ್ನು ಮಾತ್ರ ಈ ಸಮಯದಲ್ಲಿ ಮಾಡಕೂಡದು.

ಹೊಸ ನೀರು ಯಾವುದೆಂಬುದು ಮುಖ್ಯವಾದ ಪ್ರಶ್ನೆ. ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿ ಸುಮಾರು 100 ಕಿಲೋಮೀಟರು ದೂರದಿಂದ ಬರುವ ಕಾವೇರಿಯ ನೀರು ಮೀನುಗಳಿಗೆ ಒಳ್ಳೆಯದೇ. ಆದರೆ ಅದರಲ್ಲಿ ಕ್ಲೋರಿನ್ನು ಇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮಾದರೂ ಉಳಿದಿರಬೇಕೆಂದು ಭಾರತೀಯ ಮಾನಕವು ಹೇಳುತ್ತದೆ. ಮನುಷ್ಯನಿಗೆ ರಕ್ಷಣೆಯಾದ ಈ ಅಂಶವೇ ಮೊದಲೇ ಸುಟ್ಟ ಕಿವಿರುಗಳಿಗೆ ಮತ್ತಷ್ಟು ಹಿಂಸೆಯಾಗುತ್ತದೆ. ಸಂಪಿನಿಂದ ಮೇಲುತೊಟ್ಟಿಗೆ ಏರಿ ಒಂದೆರಡು ದಿನ ನಿಂತ ನೀರಿನಲ್ಲಿ ಅದು ಬಹುಮಟ್ಟಿಗೆ ಹೋಗಿರುತ್ತದೆ. ರಸ್ತೆಯ ಕೊಳಾಯಿಯಿಂದ ನೇರವಾಗಿ ಹಿಡಿದ ನೀರನ್ನು ಅಗಲವಾದ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು. ಕಾಯಲು ಸಮಯವಿಲ್ಲದಿದ್ದರೆ ಸೋಡಿಯಂ ಥಯೋಸಲ್ಫೇಟಿನ ಹರಳುಗಳು 10 ಗ್ರಾಮನ್ನು ಒಂದು ಲೀಟರು ನೀರಿನಲ್ಲಿ ಕರಗಿಸಿಟ್ಟುಕೊಂಡು, ಹೊಸ ನೀರಿನ ಪ್ರತಿ ಲೀಟರಿಗೂ ಆ ದ್ರಾವಣವನ್ನು ಒಂದು ಮಿಲಿಲೀಟರಿನಂತೆ, ಎಂದರೆ 15 ಲೀಟರಿನ ಬಕೀಟಿಗೆ 15 ಮಿಲಿಲೀಟರು ಬೆರೆಸಿ ಕಲಕಿದರೆ ಸಾಕು. ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ನು ಇರುವುದಿಲ್ಲವಾದರೂ, ಭೂಮಿಯೊಳಗಿನಿಂದ ಆಗತಾನೆ ಬಂದ ನೀರಿನಲ್ಲಿ ಆಮ್ಲಜನಕವು ಕಡಿಮೆಯಾಗಿಯೂ ಇಂಗಾಲಾಮ್ಲ ವಾಯುವು ಹೆಚ್ಚಾಗಿಯೂ ಇರುವುದುಂಟು. ಆ ವಾಯುವು ಹೊರಟುಹೋದ ಮೇಲೆ ಅದರ ಪಿ.ಎಚ್. ಏರುತ್ತದೆ. ಆದಕಾರಣ ಅದನ್ನೂ ರಾತ್ರಿಯೆಲ್ಲ ಗಾಳಿಯಾಡಿಸಿ, ಆಮೇಲೆ ಪರೀಕ್ಷಿಸಿ ಉಪಯೋಗಿಸತಕ್ಕದ್ದು. ನಗರದ ಅನೇಕ ಕೊಳವೆಬಾವಿಗಳಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಎಂಬ ಕುಡಿಯುವ ನೀರಿನ ಮಿತಿಯನ್ನೇ ಮೀರಿರುವುದು ಕಂಡುಬಂದಿದೆ. ಅಂತಹ ನೀರಿಗಿಂತ ಮಳೆಯ ನೀರು ಬೆರೆಸಿದ ಕಾವೇರಿಯ ನೀರೇ ಲೇಸು. ಹೊಸ ನೀರಿನ ಶಾಖವು ತೊಟ್ಟಿಯ ನೀರಿಗಿಂತ ಎರಡು ಡಿಗ್ರಿಗಿಂತ ಹೆಚ್ಚು ಭೇದವಾಗಿರಕೂಡದು. ಡಿಸೆಂಬರಿನ ಬೆಳಗಿನ ಜಾವದಲ್ಲಿ ಮೇಲುತೊಟ್ಟಿಯಿಂದ ಬಂದ ತಣ್ಣೀರನ್ನು ಹಾಗೆಯೇ ಹಾಕುವವರು ಇದನ್ನು ಗಮನಿಸಬೇಕು.

ತೆಗೆದ ನೀರನ್ನು ಚರಂಡಿಗೆ ಚೆಲ್ಲದೆ ಹೂವಿನ ಕುಂಡಗಳಿಗೂ ಕರಿಬೇವಿನ ಗಿಡಕ್ಕೂ ಹಾಕಬೇಕು. ಮೀನಿಗೆ ಮಲಿನವಾದ ಸಾರಜನಕವು ಗಿಡಕ್ಕೆ ಗೊಬ್ಬರವಾಗಿರುವುದರಿಂದ, ನೀರಿಗೆ ಅಭಾವವಿರುವ ಕಾಲದಲ್ಲಿಯೂ ಈ ಬದಲಾವಣೆಯು ದುಂದುವೆಚ್ಚವೆನಿಸುವುದಿಲ್ಲ. ಮುಂದೆ ಹೇಳುವ ಉಪ್ಪಿನ ಉಪಚಾರವನ್ನು ಮಾಡಿದ ನೀರನ್ನು ಮಾತ್ರ ಗಿಡಗಳಿಗೆ ಹಾಕಕೂಡದು.

ಅಡಿಗೆಮನೆಯ ಉಪ್ಪು ಈ ಕಾಯಿಲೆಯಲ್ಲಿ ಎಲ್ಲ ಔಷಧಗಳಿಗಿಂತಲೂ ಮೇಲಾದುದು. ನೈಟ್ರೈಟೂ ಉಪ್ಪಿನ ಕ್ಲೋರೈಡೂ ಕಿವಿರಿನ ಒಂದೇ ಬಾಗಿಲಿನಿಂದ ಮೀನಿನ ಮೈಯೊಳಕ್ಕೆ ಹೋಗತಕ್ಕವು. ಕ್ಲೋರೈಡು ಹೆಚ್ಚಾಗಿದ್ದರೆ ನೈಟ್ರೈಟಿಗೆ ಎಡೆ ಸಿಕ್ಕುವುದಿಲ್ಲ. ಲೀಟರಿಗೆ 1 ಗ್ರಾಂ ಉಪ್ಪು ಹಾಕಿದರೆ ಸುಮಾರು 600 ಮಿಲಿಗ್ರಾಂ ಕ್ಲೋರೈಡು ಸೇರಿದಂತಾಗಿ, ಮನೆಯ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವ ನೈಟ್ರೈಟಿಗೆ ಧಾರಾಳವಾಗಿ ಸಾಕಾಗುತ್ತದೆ. ಅರವತ್ತು ಲೀಟರಿನ ತೊಟ್ಟಿಗೆ 60 ಗ್ರಾಂ ಹರಳುಪ್ಪನ್ನು ತೂಗಿ, ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ಸಲವಾಗಿ ಸೇರಿಸಬೇಕು. ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ. ಆದಕಾರಣ ಆಮೇಲೆ 15 ಲೀಟರು ನೀರನ್ನು ಬದಲಾಯಿಸಿದರೆ ಹೊಸ ನೀರಿಗೆ 15 ಗ್ರಾಂ ಮಾತ್ರ ಹಾಕತಕ್ಕದ್ದು. ಗೋಲ್ಡ್‌ಫಿಷ್, ಗಪ್ಪಿ, ಮಾಲಿ ಮೊದಲಾದವು ಇದನ್ನು ಸುಲಭವಾಗಿ ಸಹಿಸುತ್ತವೆ. ತಳದಲ್ಲಿ ಓಡಾಡುವ ಮೀಸೆಯ ಮೀನುಗಳೂ ನೀರುಗಿಡಗಳೂ ಇರುವ ತೊಟ್ಟಿಗೆ ಇದರ ಅರ್ಧಕ್ಕಿಂತ ಕಡಿಮೆ ಹಾಕುವುದು ಕ್ಷೇಮ. ಅಮೋನಿಯವನ್ನು ಹೀರುವುದೆಂದು ಅಂಗಡಿಯಲ್ಲಿ ಮಾರುವ ಜಿಯೊಲೈಟ್ ಕಲ್ಲುಗಳು ಸಿಹಿನೀರಿನಲ್ಲಿ ಉಪಯುಕ್ತವಾದರೂ ಉಪ್ಪಿನೊಡನೆ ಸೇರಿದರೆ ಹೀರಿದುದನ್ನು ಮತ್ತೆ ನೀರಿಗೇ ಕಕ್ಕುತ್ತವೆ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ಬಣ್ಣಬಣ್ಣದ ಔಷಧಗಳ ಮಾತು. ಟೆಟ್ರಾಸೈಕ್ಲಿನ್ ಮುಂತಾದ ಪುಡಿಗಳನ್ನು ಯಾರ ಸಲಹೆಯೂ ಇಲ್ಲದೆ ತೊಟ್ಟಿಗೆ ಸುರಿದರೆ ನೀರನ್ನು ಶುದ್ಧಿಮಾಡುತ್ತಿದ್ದ ಸೂಕ್ಷ್ಮಜೀವಿಗಳೂ ಸಾಯಬಹುದಾಗಿ, ಮೊದಲಿನ ದೋಷವೇ ಇಮ್ಮಡಿಯಾಗುತ್ತದೆ. ಮೆಥಿಲೀನ್ ಬ್ಲೂ ಎಂಬ ನೀಲಿಯೂ ಹಾಗೆಯೇ. ನೀರು ಸರಿಹೋಗಿ ಐದಾರು ದಿನಗಳಾದರೂ ರೆಕ್ಕೆಗಳ ಅಂಚು ಕೊಳೆಯುತ್ತಿದ್ದರೆ, ಇಲ್ಲವೆ ಬಾಯಿಯ ಬಳಿ ಹತ್ತಿಯಂತಹ ಬಿಳುಪು ಕಂಡುಬಂದರೆ, ಆ ಒಂದು ಮೀನನ್ನು ಬೇರೆ ಪಾತ್ರೆಗೆ ತೆಗೆದು ಅಲ್ಲಿ ಚಿಕಿತ್ಸೆ ಮಾಡತಕ್ಕದ್ದು. ಆ ಪಾತ್ರೆಗೆ ತುಂಬುವ ನೀರು ಮೊದಲ ತೊಟ್ಟಿಯದೇ ಆಗಿರಬೇಕು. ಫಿಲ್ಟರು ಇಲ್ಲದ ಕಾರಣ ದಿನವೂ ಅರ್ಧ ನೀರನ್ನು ಬದಲಾಯಿಸಬೇಕು. ಬೆಲೆಯುಳ್ಳ ಮೀನುಗಳ ಅಥವಾ ಅನೇಕ ತೊಟ್ಟಿಗಳ ಪ್ರಶ್ನೆಯಾದರೆ ಹೆಬ್ಬಾಳದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಂತಹ ಸಂಸ್ಥೆಗಳ ತಜ್ಞರನ್ನು ವಿಚಾರಿಸುವುದು ಉತ್ತಮ.

ಉಪಚಾರವು ಫಲಿಸುತ್ತಿರುವುದಕ್ಕೆ ಮೊದಲ ಗುರುತು ಉಸಿರಾಟದಲ್ಲಿ ಕಾಣುತ್ತದೆ. ಕಿವಿರಿನ ಮುಚ್ಚಳವು ನಿಮಿಷಕ್ಕೆ ಎಷ್ಟು ಸಲ ಬಡಿಯುವುದೆಂದು ದಿನವೂ ಒಂದೇ ವೇಳೆಯಲ್ಲಿ ಎಣಿಸಿ ಬರೆದಿಟ್ಟರೆ ಇಳಿಮುಖವು ಸ್ಪಷ್ಟವಾಗಿ ತಿಳಿಯುತ್ತದೆ. ಮನೆಯ ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸವಿದು. ಆಮೇಲೆ ರೆಕ್ಕೆಗಳು ಬಿಚ್ಚಿಕೊಳ್ಳುತ್ತವೆ, ಮೀನು ತೊಟ್ಟಿಯ ನಡುವಿಗೆ ಬರುತ್ತದೆ. ಗೋಲ್ಡ್‌ಫಿಷ್ ಮೀನಿನ ಮೈಮೇಲೆ ಒಂದೆರಡು ವಾರಗಳಲ್ಲಿ ಮಸಿ ಬಳಿದಂತೆ ಕಪ್ಪು ಮಚ್ಚೆಗಳು ಏಳುವುದುಂಟು. ಇದನ್ನು ಕಂಡು ಹೊಸ ರೋಗವೆಂದು ಹೆದರಬೇಕಾದುದಿಲ್ಲ. ಅಮೋನಿಯದಿಂದ ಸುಟ್ಟ ಜಾಗವು ಮಾಯುವಾಗ ಹೀಗಾಗುವುದು ಸಾಮಾನ್ಯ. ನೀರು ಒಳ್ಳೆಯದಾಗಿದ್ದರೆ ಕಾಲಕ್ರಮದಲ್ಲಿ ಕಪ್ಪು ತಾನೇ ಮಾಸುತ್ತದೆ. ಕಿವಿರುಗಳೊಳಗಿನ ಗಾಯವು ಮಾಯಲು ಹಲವು ವಾರಗಳು ಹಿಡಿಯುವುದರಿಂದ, ಚೇತರಿಸಿಕೊಂಡಂತೆ ಕಂಡ ಮೀನನ್ನು ಬೇರೆ ತೊಟ್ಟಿಗೆ ಸಾಗಿಸುವುದಾಗಲಿ, ದೊಡ್ಡ ಮೀನುಗಳೊಡನೆ ಬಿಡುವುದಾಗಲಿ ಆ ತಿಂಗಳಲ್ಲಿ ಬೇಡ.

ಎಷ್ಟು ಮಾಡಿದರೂ ಉಳಿಯದ ಮೀನುಗಳು ಇದ್ದೇ ಇರುತ್ತವೆ. ಮೀನು ಪಕ್ಕಕ್ಕೆ ವಾಲಿ, ಎರಡು ಮೂರು ದಿನಗಳಾದರೂ ಏಳಲಾರದಿದ್ದರೆ ಆಸೆಯು ಕಡಿಮೆ. ಸತ್ತ ಮೀನನ್ನು ಕೂಡಲೆ ತೆಗೆದು ತೋಟದ ಮಣ್ಣಿನಲ್ಲಿ ಹೂಳಬೇಕು. ಒಂದು ರಾತ್ರಿ ತೊಟ್ಟಿಯಲ್ಲಿ ಬಿಟ್ಟರೆ ಉಳಿದವುಗಳಿಗೆ ಅದೇ ವಿಷವಾಗುತ್ತದೆ. ಸಾಯುವುದನ್ನು ನೋಡಲಾರದೆ, ಪುಣ್ಯಕಾರ್ಯವೆಂದು ಭಾವಿಸಿ, ಜೀವವಿರುವ ಮೀನನ್ನು ಸಾರಕ್ಕಿ ಕೆರೆಗೋ ಮಡಿವಾಳ ಕೆರೆಗೋ ಬಿಟ್ಟುಬರುವವರೂ ಉಂಟು. ಇದು ಸರ್ವಥಾ ಕೂಡದು. ರೋಗವು ಕೆರೆಯ ಮೀನುಗಳಿಗೆ ಅಂಟಬಹುದಲ್ಲದೆ, ತೊಟ್ಟಿಯ ಪಾಚಿ ತಿನ್ನುವುದೆಂದು ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆ ಬಿಟ್ಟುದರಿಂದಲೇ ಭಾರತದ ಅನೇಕ ಕೆರೆ ಹೊಳೆಗಳಲ್ಲಿ ಬೇರೂರಿ, ಬಲೆ ಬೀಸುವವರಿಗೆ ಪೀಡೆಯಾಗಿ ಪರಿಣಮಿಸಿದೆ.

ಉಳಿದ ಮೀನುಗಳಿಗೆ ನಾಲ್ಕನೆಯ ದಿನದಿಂದ ಮೇವನ್ನು ಪ್ರಾರಂಭಿಸಬಹುದು. ದಿನಕ್ಕೊಮ್ಮೆ, ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಸಾಕು. ಗೋಲ್ಡ್‌ಫಿಷ್‌ಗೆ ಬೇಯಿಸಿ ಸಿಪ್ಪೆ ಸುಲಿದ ಬಟಾಣಿಯ ಸಣ್ಣ ಚೂರುಗಳು ಮೊದಲ ಆಹಾರಕ್ಕೆ ಹಿತವಾಗಿರುತ್ತವೆ. ಅಮೋನಿಯವೂ ನೈಟ್ರೈಟೂ ಪರೀಕ್ಷೆಯಲ್ಲಿ ಒಂದು ವಾರ ಪೂರ್ತಿಯಾಗಿ ಸೊನ್ನೆಯನ್ನು ತೋರಿಸಿದ ಮೇಲೆ ಉಪ್ಪನ್ನು ನಿಲ್ಲಿಸಿ, ವಾರಕ್ಕೊಮ್ಮೆ ಕಾಲುಪಾಲು ನೀರನ್ನು ಬದಲಾಯಿಸುವ ಪದ್ಧತಿಗೆ ಬರತಕ್ಕದ್ದು. ಸತ್ತವುಗಳಿಗೆ ಬದಲಾಗಿ ಹೊಸ ಮೀನುಗಳನ್ನು ತರುವುದಿದ್ದರೆ ಒಂದು ತಿಂಗಳು ಕಾದು, ಒಂದು ಸಲಕ್ಕೆ ಒಂದರಂತೆ ತಂದು, ಪ್ರತಿಯೊಂದನ್ನು ಬಿಟ್ಟ ಮೇಲೂ ಒಂದು ವಾರ ನೀರನ್ನು ಪರೀಕ್ಷಿಸಿ ನೋಡಿ ಮುಂದಿನದನ್ನು ತರಬೇಕು.